ಲೋಕಸಭೆಯಲ್ಲಿ ಲೋಹಿಯಾ: ಮೂರಾಣೆಯ ಮಾತಿನಾಚೆಗೆ ಏನಿದೆ?

ಪ್ರಶ್ನೆ:
ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿದ್ದುದು 1963ರ ಫರೂಕಾಬಾದ್ ಉಪಚುನಾವಣೆಯಿಂದ 1967ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ವರ್ಷ ಚಿಲ್ಲರೆ ಮಾತ್ರ. ಸಂಸದೀಯ ಪಟುವಾಗಿ ಅವರನ್ನು ನೆನೆಯುವವರೆಲ್ಲ, ಬಡವರ ದಿನದ ಆದಾಯ ಎಷ್ಟೆಂಬ ‘ಮೂರಾಣೆ’ಯ ಚರ್ಚೆಗೇ ನಿಂತುಬಿಡುತ್ತಾರೆ. 1936ರಲ್ಲೇ ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗವನ್ನು ನೋಡಿಕೊಂಡವರು ಸದನದಲ್ಲಿ ಆ ವಿಷಯಕ್ಕೆ ಎಷ್ಟು ತೂಕ ತಂದರು?

ಉತ್ತರ 1:
ಮೂರಾಣೆ, ವಿದೇಶಾಂಗ ಎರಡನ್ನೂ ಬೇರ್ಪಡಿಸಿದರೆ ಆ ಚರ್ಚೆಯೇ ಕೈತಪ್ಪುತ್ತದೆ. 1963ರ ಆಗಸ್ಟ್‌ನಲ್ಲಿ ಪ್ರಧಾನಿ ನೆಹರೂ ಸರ್ಕಾರದ ವಿರುದ್ಧ ಆಚಾರ್ಯ ಕೃಪಲಾನಿಯವರು ಮಂಡಿಸಿದ ಮೊದಲ ಅವಿಶ್ವಾಸ ನಿರ್ಣಯಕ್ಕೆ ಹಿನ್ನೆಲೆಯಾಗಿದ್ದುದು ಹಿಂದಿನ ವರ್ಷ ಚೀನಾದೆದುರು ಆದ ಸೋಲು. ಲೋಹಿಯಾ ಅದೇ ನಿರ್ಣಯದ ಮೇಲೆ ಮಾತನಾಡುತ್ತ, ಜನಸಂಖ್ಯೆಯ ಶೇ. 60ರಷ್ಟು, ಅಂದರೆ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದರು. ನೆಹರೂ ಹೇಳಿದ ಲೆಕ್ಕ ಹದಿನೈದಾಣೆ. ಅದು ಸಿರಿವಂತರ ಆದಾಯವನ್ನೂ ಸೇರಿಸಿ ತೆಗೆದ ಸರಾಸರಿ ಎಂಬುದೇ ಲೋಹಿಯಾ ಅವರ ತಕರಾರು. (ಆಣೆಯೆಂದರೆ ರೂಪಾಯಿಯ ಹದಿನಾರನೇ ಒಂದು ಪಾಲು; 1957ರಲ್ಲೇ ಅದರ ಬದಲು ನಯಾಪೈಸೆ ಬಂದಿತ್ತು; ಮೂರಾಣೆ ಎಂದರೆ ಸುಮಾರು 19 ಪೈಸೆ. ಆದರೂ ಸದನ ಆಣೆಯಲ್ಲೇ ಜಗಳವಾಡಿತು.) ಗಡಿಯ ಸೋಲಿನಿಂದ ಹುಟ್ಟಿದ ಚರ್ಚೆಯನ್ನು ಬಡವನ ಹೊಟ್ಟೆಯವರೆಗೆ ಎಳೆದು ತಂದದ್ದೇ ಅವರ ದೊಡ್ಡ ಕೊಡುಗೆಯೆಂದು ನನ್ನ ಎಣಿಕೆ.

ಉತ್ತರ 2:
ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ನಿರ್ಣಯದ ಪರವಾಗಿ ಬಿದ್ದದ್ದು 62 ಮತ, ವಿರುದ್ಧ 347. ಸರ್ಕಾರ ಅಲುಗಲಿಲ್ಲ, ಆದರೆ ಬಡತನವನ್ನು ಸರಾಸರಿಯಿಂದ ಅಳೆಯಬಹುದೇ ಎಂಬ ಪ್ರಶ್ನೆಯನ್ನು ಅದಕ್ಕೆ ತಳ್ಳಿಹಾಕಲಾಗಲಿಲ್ಲ. ವಿದೇಶಾಂಗದ ವಿಷಯದಲ್ಲಿ ಅಂಥ ಪರಿಣಾಮ ನನಗೆ ಕಾಣುವುದಿಲ್ಲ. ಟಿಬೆಟ್ ಸ್ವತಂತ್ರವಾಗಿದ್ದರಷ್ಟೇ, ಬ್ರಿಟಿಷರ ಕಾಲದಲ್ಲಿ ಭಾರತ–ಟಿಬೆಟ್ ನಡುವೆ ಎಳೆದ ಮ್ಯಾಕ್‌ಮಹೊನ್ ರೇಖೆ ನಮ್ಮ ಗಡಿ, ಇಲ್ಲವಾದರೆ ಗಡಿ ಕೈಲಾಸ–ಮಾನಸಸರೋವರದ ಕಡೆಗೆ ಸರಿಯಬೇಕು ಎಂಬ ಅವರ ವಾದ ತರ್ಕದಲ್ಲಿ ಚೂಪಾಗಿತ್ತು, ರಾಜತಾಂತ್ರಿಕರಿಗೆ ಮಾತ್ರ ನಿರುಪಯೋಗಿಯಾಗಿತ್ತು.

ಉತ್ತರ 3:
ನೀತಿ ಬದಲಾಯಿತೇ ಎಂಬುದೊಂದನ್ನೇ ವಿರೋಧಪಕ್ಷದ ಸದಸ್ಯನಿಗೆ ಅಳತೆಗೋಲಾಗಿಸುವುದು ಸರಿಯಲ್ಲ. ನೆಹರೂ ಇರುವವರೆಗೆ ವಿದೇಶಾಂಗ ವ್ಯವಹಾರ ಪ್ರಧಾನಿಯವರ ಸ್ವಂತ ಖಾತೆಯಾಗಿತ್ತು. ಅದನ್ನು ತಜ್ಞರ ಗುಟ್ಟೆಂದು ಬಿಡದೆ ಹಿಂದಿಯಲ್ಲಿ, ಸಾಮಾನ್ಯ ಮತದಾರನಿಗೆ ತಿಳಿಯುವಂತೆ ಎತ್ತಿ ಆಡಿದ್ದೇ ಒಂದು ಕೆಲಸ. ಪ್ರಶ್ನೆ ಕೇಳಿದವರು ಲೋಕಸಭೆಯ ನಡಾವಳಿಯ ಮೂಲ ಆವೃತ್ತಿಯನ್ನೇ ಓದಬೇಕು. ಅದರಲ್ಲಿ ಹಿಂದಿ ಭಾಷಣ ದೇವನಾಗರಿಯಲ್ಲೂ ಇಂಗ್ಲಿಷ್ ಮಾತು ಇಂಗ್ಲಿಷಿನಲ್ಲೂ ಅಚ್ಚಾಗಿರುವುದರಿಂದ, ಇಂಗ್ಲಿಷ್ ಭಾಗವನ್ನಷ್ಟೇ ಓದಿದವರಿಗೆ ಲೋಹಿಯಾ ಸಿಗುವುದೇ ಇಲ್ಲ.