ನಾದಮ್ ಕುದುರೆ ಓಟ: ಏಳು ವರ್ಷದ ಮಕ್ಕಳನ್ನು ಹತ್ತಿಸುವುದು ಸರಿಯೇ?

ಶಾಂತಲಾ ಟೀಚರ್
ಮಂಗೋಲಿಯಾದ ನಾದಮ್ ಹಬ್ಬದ ವಿಡಿಯೋ ನೋಡಿದೆ. ಜುಲೈ 11ರಿಂದ 13ರವರೆಗೆ ಉಲಾನ್‌ಬಾತರ್‌ನಲ್ಲಿ ನಡೆಯುತ್ತದೆ. ಕುಸ್ತಿ, ಬಿಲ್ಲುಗಾರಿಕೆ ಎರಡೂ ಬಹಳ ಹಿಡಿಸಿದವು. ಕುದುರೆ ಓಟ ಬಂದಾಗ ಮಾತ್ರ ಕಸಿವಿಸಿಯಾಯಿತು. ಸವಾರರೆಲ್ಲ ಮಕ್ಕಳು! ಅಲ್ಲಿನ ಕಾನೂನೇ ಏಳು ವರ್ಷ ತುಂಬಿದವರನ್ನು ಬಿಡುತ್ತದೆಯಂತೆ. ನಾನು ಪಾಠ ಹೇಳುವ ಎರಡನೇ ಕ್ಲಾಸಿನ ಮಕ್ಕಳ ವಯಸ್ಸು ಅದು. 2010ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಎಲ್ಲವೂ ಸರಿ ಅಂತಾಗುತ್ತದೆಯೇ?

ತಿರುಗಾಡಿ
ಟೀಚರ್, ನಾನು ಅಲ್ಲಿಗೆ ಹೋಗಿ ನೋಡಿದ್ದೇನೆ. ಓಟ ನಡೆಯುವುದು ಊರ ಹೊರಗಿನ ಖುಯಿ ದೋಲೋನ್ ಖುದಗ್ ಬಯಲಿನಲ್ಲಿ. ಟ್ರ್ಯಾಕ್ ಅಂತ ಏನೂ ಇಲ್ಲ, ಬರೀ ಹುಲ್ಲುಗಾವಲು. ಎರಡು ವರ್ಷದ ಮರಿಗಳಿಗೆ ಹತ್ತು ಹನ್ನೆರಡು ಕಿಲೋಮೀಟರ್, ದೊಡ್ಡ ಕುದುರೆಗಳಿಗೆ 25ರ ಆಸುಪಾಸು. ಅಷ್ಟು ದೂರ ಮೊದಲು ನಿಧಾನವಾಗಿ ಹೋಗಿ, ಅಲ್ಲಿಂದ ತಿರುಗಿ ಓಡಿ ಬರಬೇಕು. ದೊಡ್ಡವರು ಕೂತರೆ ಕುದುರೆ ಬೇಗ ಬಸವಳಿಯುತ್ತದೆ, ಅದಕ್ಕೇ ಮಕ್ಕಳು. ಅಲ್ಲಿ ಪರೀಕ್ಷೆ ಕುದುರೆಗೆ, ಸವಾರನಿಗಲ್ಲ. ಹೆಸರು ಬರುವುದು ಕುದುರೆಗೆ, ಅದನ್ನು ಪಳಗಿಸಿದ ‘ಉಯಾಚ್’ಗೆ. ಮರಿಗಳ ಓಟದಲ್ಲಿ ಕೊನೆಗೆ ಬಂದ ಮರಿಗೂ ಒಂದು ಹಾಡು ಹೇಳಿ ಹರಸುತ್ತಾರೆ. ಅದೇ ನನಗೆ ತುಂಬ ಹಿಡಿಸಿದ್ದು.

ಗರಡಿ ಹುಡುಗ
ಕುದುರೆ ಬಿಡಿ ಸಾರ್, ಕುಸ್ತಿ ಬಗ್ಗೆ ಹೇಳಿ. ತೂಕದ ವರ್ಗ ಇಲ್ಲ ಅನ್ನೋದು ನಿಜವೇ?

ತಿರುಗಾಡಿ
ನಿಜ. 512 ಜನ ಇಳಿಯುತ್ತಾರೆ, ಕೆಲವು ವರ್ಷ 1024. ಒಮ್ಮೆ ಸೋತರೆ ಮನೆಗೆ. ಅಂಗೈ ನೆಲ ಮುಟ್ಟಬಹುದು, ಮೊಣಕಾಲು ಮೊಣಕೈ ತಾಗಿದರೆ ಮುಗೀತು. ಸೋತವನು ಗೆದ್ದವನ ತೋಳಿನ ಕೆಳಗೆ ನುಸುಳಿ ಹೋಗುತ್ತಾನೆ, ಗೆದ್ದವನು ಕೈ ಚಾಚಿ ಹದ್ದಿನ ಹಾಗೆ ಕುಣಿಯುತ್ತಾನೆ. ಐದು ಸುತ್ತು ಗೆದ್ದರೆ ಗಿಡುಗ, ಏಳಕ್ಕೆ ಆನೆ, 512 ಜನರ ಕಣದಲ್ಲಿ ಒಂಬತ್ತೂ ಗೆದ್ದರೆ ಸಿಂಹ ಅಂತ ಬಿರುದು. ಸುಮೋದಲ್ಲಿ 45 ಬಾರಿ ಪ್ರಶಸ್ತಿ ಗೆದ್ದ ಹಕುಹೋ ಇದ್ದಾನಲ್ಲ, ಅವನ ಅಪ್ಪ ಮುಂಖ್‌ಬಾತ್ ಈ ಕಣದವನೇ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದವನು.

ಗರಡಿ ಹುಡುಗ
ಅಬ್ಬಾ! ಅರವತ್ತು ಕಿಲೋದವನ ಮೇಲೆ ನೂರಮೂವತ್ತು ಕಿಲೋದವನು ಬಿದ್ದರೆ ಕಥೆ ಏನು...

ಶಾಂತಲಾ ಟೀಚರ್
ಮಾತು ಬೇರೆ ಕಡೆ ಹೋಯಿತು. ಕುಸ್ತಿಗೆ ಇಳಿಯುವವನು ದೊಡ್ಡವನು, ಬೇಕಿದ್ದರೆ ಮೈ ಮುರಿದುಕೊಳ್ಳಲಿ. ಮಗುವಿಗೆ ‘ಒಲ್ಲೆ’ ಎನ್ನುವ ದಾರಿ ಇದೆಯೇ? ತಿರುಗಾಡಿಯವರೇ, ಗೌರವ ಕುದುರೆಗೆ ಅಂದಿರಿ. ಬಿದ್ದು ಪೆಟ್ಟಾಗುವುದು ಯಾರಿಗೆ?

ಹುಲ್ಲುಗಾವಲು
ಅಲ್ಲಿನ ದನಗಾಹಿ ಮನೆಗಳಲ್ಲಿ ಮಕ್ಕಳು ನಡೆಯೋಕೆ ಕಲಿತ ಬೆನ್ನಿಗೇ ಕುದುರೆ ಹತ್ತುತ್ತಾರೆ. ನಮ್ಮ ಪೇಟೆ ಮಕ್ಕಳ ಜೊತೆ ಹೋಲಿಸಬೇಡಿ. ನಾಳೆ ಯಾರಾದರೂ ಕಂಬಳವನ್ನೂ ಹೀಗೇ ಎಳೀತಾರೆ.

ಶಾಂತಲಾ ಟೀಚರ್
ಕಂಬಳದಲ್ಲಿ ಕೋಣ ಓಡಿಸುವವನು ದೊಡ್ಡವನು ಸ್ವಾಮಿ. ಅದನ್ನು ಇಲ್ಲಿಗೆ ತಂದವರು ನೀವೇ.

ಬಿಲ್ಲುಗಾರ್ತಿ
ಹುಲ್ಲುಗಾವಲು ಹೇಳಿದ್ದು ಅರ್ಧ ನಿಜ. ಕುರಿ ಮೇಯಿಸಲು ಕುದುರೆ ಹತ್ತುವುದು ಬೇರೆ. ನೂರಾರು ಕುದುರೆಗಳ ಧೂಳಿನ ನಡುವೆ ಗೆಲ್ಲಲೇಬೇಕು ಅಂತ ಓಡಿಸುವುದು ಬೇರೆ. ಮೊದಲು ಮನೆಯ ಕುದುರೆಗೆ ಮನೆಯ ಮಗು ಕೂರುತ್ತಿತ್ತು. ಈಗ ಪೇಟೆಯ ದುಡ್ಡಿನ ಮಾಲೀಕರು ಕುದುರೆ ಕೊಂಡು ಬೇರೆಯವರ ಮಕ್ಕಳನ್ನು ಕೂರಿಸುವುದೂ ಇದೆ. ನನ್ನ ತಕರಾರು ಇರುವುದೇ ಅಲ್ಲಿ. ಮಗುವಿಗೆ ಪೆಟ್ಟಾದರೆ ಅದರ ಅಪ್ಪ ನಾಳೆ ಓಟದಿಂದ ಹಿಂದೆ ಸರಿಯುತ್ತಾನೆ. ಕುದುರೆಗೆ ದುಡ್ಡು ಸುರಿದವನು ಇನ್ನೊಂದು ಮಗು ಹುಡುಕುತ್ತಾನೆ.

(ಬಿಲ್ಲುಗಾರಿಕೆ ಬಗ್ಗೆ ಯಾರೂ ಕೇಳಲೇ ಇಲ್ಲ, ನಾನೇ ಹೇಳುತ್ತೇನೆ. ಗಂಡಸರು 75 ಮೀಟರ್ ದೂರದಿಂದ ನೆಲದ ಮೇಲಿಟ್ಟ ಪುಟ್ಟ ಉರುಳೆಗಳಿಗೆ ಬಾಣ ಬಿಡುತ್ತಾರೆ, ಹೆಂಗಸರಿಗೆ ದೂರ ಸ್ವಲ್ಪ ಕಡಿಮೆ. ಬಾಣ ತಾಗಿದರೆ ತೀರ್ಪುಗಾರರು ಕೈ ಎತ್ತಿ ‘ಉಖಾಯ್’ ಅಂತ ರಾಗ ಎಳೆಯುತ್ತಾರೆ.)

ತಿರುಗಾಡಿ
ಬಿಲ್ಲುಗಾರ್ತಿಯವರ ಮಾತು ಒಪ್ಪುವಂಥದ್ದೇ. ಆದರೆ ಅಲ್ಲಿನವರು ಸುಮ್ನೆ ಕೂತಿಲ್ಲ. ಹೆಲ್ಮೆಟ್ ಮತ್ತು ವಿಮೆ ಇಲ್ಲದೆ ಮಗುವನ್ನು ಓಟಕ್ಕೆ ಬಿಡಬಾರದು ಅಂತ ನಿಯಮ ಇದೆ.

ಶಾಂತಲಾ ಟೀಚರ್
ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯೂ ಈ ಓಟಗಳಿಗೆ ಆಕ್ಷೇಪ ಎತ್ತಿದೆ. ವಿಮೆ ಇದೆ ಅನ್ನುವುದು ಬೀಳುತ್ತಾರೆ ಅಂತ ಗೊತ್ತಿದೆ ಅನ್ನುವುದಕ್ಕೇ ಸಾಕ್ಷಿ, ಅಲ್ವಾ?

ಹುಲ್ಲುಗಾವಲು
ಹಾಗಾದರೆ ದೊಡ್ಡವರನ್ನು ಕೂರಿಸಿ ದೂರ ಕಡಿಮೆ ಮಾಡೋಣ ಅಂತೀರಾ? ಆಮೇಲೆ ಅದು ಬೆಂಗಳೂರಿನ ರೇಸ್‌ಕೋರ್ಸ್ ಆಗುತ್ತದೆ.

ಬಿಲ್ಲುಗಾರ್ತಿ
ದೂರ ಹಾಗೇ ಇರಲಿ. ಏಳರ ಬದಲು ಹನ್ನೆರಡು ಮಾಡಲಿ, ಮಾಲೀಕನ ಸ್ವಂತ ಮಗುವೇ ಕೂರಬೇಕು ಅನ್ನಲಿ. ಆಗ ಎಷ್ಟು ಕುದುರೆ ಸಾಲಿಗೆ ಬಂದು ನಿಲ್ಲುತ್ತವೆ ನೋಡೋಣ.

ಗರಡಿ ಹುಡುಗ
ಅದು ಸರಿಯಾದ ಪಟ್ಟು ಅಕ್ಕಾ. ಅಂದಹಾಗೆ, ಕುಸ್ತಿಯಲ್ಲಿ ಎರಡನೇ ಸಲ ಗೆದ್ದವನಿಗೆ ಏನಂತಾರೆ?

ತಿರುಗಾಡಿ
ಅವರ್ಗ.