ಕುತ್ತಿಗೆ ಆಪರೇಷನ್ ಆದವರು ಮತ್ತೆ ಸೈಕಲ್ ಹತ್ತಿದ್ದು ಯಾವಾಗ?

ಹುಬ್ಬಳ್ಳಿ, ಉಣಕಲ್‌ನಿಂದ ಕೇಳ್ತಿದ್ದೇನೆ:
ನನಗೆ 48. ಮೂರು ತಿಂಗಳ ಹಿಂದೆ ಕುತ್ತಿಗೆ ಆಪರೇಷನ್ ಆಯಿತು. ಸಿ5-ಸಿ6 (ಕುತ್ತಿಗೆಯ ಐದನೇ, ಆರನೇ ಮೂಳೆ) ನಡುವಿನ ಡಿಸ್ಕ್ ತೆಗೆದು, ಆ ಜಾಗಕ್ಕೆ ಕೇಜ್ ಅನ್ನೋ ತುಂಡು ಕೂರಿಸಿ, ಮುಂದಿನಿಂದ ಪ್ಲೇಟ್ ಹಾಕಿದ್ದಾರೆ. ಕೈಗೆ ಇಳಿಯುತ್ತಿದ್ದ ನೋವು ಹೋಗಿದೆ. ಮೊದಲು ವಾರಕ್ಕೆ ಮೂರು ದಿನ ಧಾರವಾಡಕ್ಕೆ ಹೋಗಿ ಬರುತ್ತಿದ್ದೆ, ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್. ಡಾಕ್ಟರ್ "ನಿಧಾನಕ್ಕೆ ಶುರು ಮಾಡಿ" ಅಂದರು. ನಿಧಾನ ಅಂದ್ರೆ ಎಷ್ಟು ನಿಧಾನ? ಮನೆಯವರು ಸೈಕಲ್ ಕೀಲಿಯನ್ನೇ ಬಚ್ಚಿಟ್ಟಿದ್ದಾರೆ. ಆಪರೇಷನ್ ಆಗಿ ಮತ್ತೆ ಸೈಕಲ್ ಹತ್ತಿದವರು ಯಾರಾದ್ರೂ ಇದ್ದರೆ ಹೇಳಿ.

ಧಾರವಾಡ, ಸಪ್ತಾಪುರದಿಂದ:
ನನಗೂ ಇದೇ ಆಪರೇಷನ್, ಎರಡು ವರ್ಷ ಆಯಿತು. ನಾನು ಡಾಕ್ಟರನ್ನು "ಎಷ್ಟು ವಾರ ಬೇಕು" ಅಂತ ಪೀಡಿಸಿದೆ. ಕೇಳಬೇಕಾಗಿದ್ದದ್ದು "ಮೂಳೆ ಕೂಡಿದೆಯಾ" ಅಂತ, ಅಂದ್ರೆ ಡಿಸ್ಕ್ ತೆಗೆದ ಜಾಗದ ಮೇಲಿನ, ಕೆಳಗಿನ ಮೂಳೆ ಬೆಸೆದು ಒಂದಾಗಿದೆಯಾ ಅಂತ. ಪ್ಲೇಟು, ಸ್ಕ್ರೂ ಎಲ್ಲ ಇರುವುದು ಮೂಳೆ ಕೂಡುವವರೆಗೆ ಹಿಡಿದಿಡೋಕೆ. ಕೆಲವರಿಗೆ ಮೂರು ತಿಂಗಳು ಸಾಕು, ಕೆಲವರಿಗೆ ಆರು, ಕೆಲವರಿಗೆ ವರ್ಷವೇ ಬೇಕು. ಸಿಗರೇಟ್ ಇದ್ದರೆ ಇನ್ನೂ ತಡ. ನನಗೆ ಕತ್ತು ಮುಂದೆ ಬಗ್ಗಿಸಿ ಒಂದು, ಹಿಂದೆ ಚಾಚಿ ಒಂದು ಎಕ್ಸ್‌ರೇ ತೆಗೆದರು. ಎರಡರಲ್ಲೂ ಆ ಜಾಗ ಅಲುಗಿರಲಿಲ್ಲ. ಆಮೇಲೆಯೇ ರಸ್ತೆಗೆ ಇಳಿಯೋಕೆ ಹೂಂ ಅಂದರು, ನಾಲ್ಕನೇ ತಿಂಗಳು. ಅಲ್ಲಿವರೆಗೆ ನಿಂತಲ್ಲೇ ತುಳಿಯುವ ಜಿಮ್ ಸೈಕಲ್, ನೆಟ್ಟಗೆ ಕೂತು, ಮೊದಲಿಗೆ ಹತ್ತೇ ನಿಮಿಷ. ಬೇಜಾರು ಬರುತ್ತೆ, ಸುಳ್ಳು ಹೇಳಲ್ಲ.

ನಿಮ್ಮ ರೋಡ್ ಬೈಕ್ ಬಗ್ಗೆ ಒಂದು ಮಾತು. ಅದರಲ್ಲಿ ಬೆನ್ನು ಮುಂದೆ ಬಾಗುತ್ತೆ. ದಾರಿ ನೋಡೋಕೆ ಕುತ್ತಿಗೆಯನ್ನು ಹಿಂದಕ್ಕೆ ಮಡಚಲೇಬೇಕು. ಬೆಸೆದ ಜಾಗ ಬಾಗುವುದಿಲ್ಲ, ಹಾಗಾಗಿ ಅದರ ಮೇಲಿನ, ಕೆಳಗಿನ ಗೆಣ್ಣುಗಳ ಮೇಲೆ ಭಾರ ಬೀಳುತ್ತೆ. ನಾನು ಮೊದಲು ಮೇಲಕ್ಕೆ ಏರುವ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ತುಂಡು) ಹಾಕಿಸಿದೆ. ಸ್ವಲ್ಪ ಆರಾಮ ಆಯಿತು. ಆದರೆ ಅರ್ಧ ಗಂಟೆಗೆ ಹೆಗಲು ಬಿಗಿಯುತ್ತಿತ್ತು. ಕೊನೆಗೆ ನೇರ ಹ್ಯಾಂಡಲ್‌ನ ಹಳೇ ಹೈಬ್ರಿಡ್ ಸೈಕಲ್ ತಗೊಂಡೆ. ಹ್ಯಾಂಡಲ್ ಸೀಟಿಗಿಂತ ಒಂದು ಇಂಚು ಮೇಲೆ. ದಪ್ಪ ಟೈರು, ಗಾಳಿ ಸ್ವಲ್ಪ ಕಮ್ಮಿ. ನಮ್ಮ ಊರಿನ ತಗ್ಗುಗಳಿಗೆ ಇದಕ್ಕಿಂತ ಒಳ್ಳೆ ಔಷಧ ಇಲ್ಲ. ತಗ್ಗು ತಪ್ಪಿಸೋಕೆ ಆಗದಿದ್ರೆ ಮೊಣಕೈ ಸಡಿಲ ಬಿಟ್ಟು ಸೀಟಿನಿಂದ ಚೂರು ಏಳಿ, ಜರ್ಕ್ ಕೈಕಾಲಿನಲ್ಲೇ ಮುಗಿಯುತ್ತೆ.

ಕತ್ತು ತಿರುಗುವುದೇ ಇಲ್ಲವೇನೋ ಅಂತ ನಾನು ಹೆದರಿದ್ದೆ. ತಿರುಗುವ ಕೆಲಸದಲ್ಲಿ ಹೆಚ್ಚುಕಡಿಮೆ ಅರ್ಧ ತಲೆಬುರುಡೆ ಕೆಳಗಿನ ಮೊದಲ ಎರಡು ಮೂಳೆಗಳದ್ದೇ. ನಿಮ್ಮದು ಅದಕ್ಕಿಂತ ಬಹಳ ಕೆಳಗಿನ ಜಾಗ. ಆದರೂ ಸ್ನಾಯು ಬಿಗಿದಿರುತ್ತೆ, ಬಲಗಡೆ ಒಂದು ಕನ್ನಡಿ ಹಾಕಿಸಿಬಿಡಿ. ಸೈಕ್ಲಿಂಗ್ ಗೆಳೆಯರು ನಕ್ಕರು, ನಗಲಿ.

ದಾರಿ: ರಸ್ತೆಗೆ ಇಳಿದ ಮೊದಲ ತಿಂಗಳು ವಿಶ್ವವಿದ್ಯಾಲಯದ ಕ್ಯಾಂಪಸ್ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ಕೆಲಗೇರಿ ಕೆರೆ. ಹುಬ್ಬಳ್ಳಿ-ಧಾರವಾಡ ದೊಡ್ಡ ರಸ್ತೆ ಈಗಲೇ ಬೇಡ. ನಡುವಿನ ದಾರಿ ಚಿಗರಿ ಅನ್ನೋ ವೇಗದ ಬಸ್ಸಿಗೆ, ಉಳಿದದ್ದರಲ್ಲಿ ಲಾರಿ, ಬಸ್ಸು, ಎಲ್ಲರೂ. ಆ ದಾರಿಯ ನವಲೂರಿನ ಪೇರಲ ಎಲ್ಲೂ ಓಡಿ ಹೋಗಲ್ಲ.

ಗದಗದಿಂದ:
ನಾನು ಏಳನೇ ವಾರಕ್ಕೇ ಹತ್ತಿದವನು. ಯಾರನ್ನೂ ಕೇಳಲಿಲ್ಲ. ನಸುಕಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಗಕ್ಕನೆ ಬ್ರೇಕ್ ಹಿಡಿದೆ. ಬೀಳಲಿಲ್ಲ, ಆದರೆ ತಲೆ ಮುಂದಕ್ಕೆ ಜಗ್ಗಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಇರಲಿಲ್ಲ. ಆದರೂ ಎರಡು ವಾರ ಮತ್ತೆ ಕುತ್ತಿಗೆಗೆ ಕಾಲರ್ ಪಟ್ಟಿ, ಮನೆಯಲ್ಲಿ ಬೈಗುಳ ಬೇರೆ. ತುಳಿಯುವುದಕ್ಕಿಂತ ಬೀಳುವುದು, ಹೀಗೆ ಜಗ್ಗುವುದು ಹೆಚ್ಚು ಅಪಾಯ. ನಸುಕು, ಮಳೆ, ಆಷಾಢದ ಗಾಳಿ, ಮೂರೂ ಬಿಡಿ. ನಮ್ಮ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ರಾಣೆಬೆನ್ನೂರಿನಿಂದ, ಫಿಸಿಯೋಥೆರಪಿಸ್ಟ್:
ಬೆರಳು ಜುಮ್ಮೆನ್ನುವುದರ ಬಗ್ಗೆ ಯಾರೂ ಹೇಳಿಲ್ಲ ಅಲ್ವಾ. ತುಳಿದು ಬಂದಮೇಲೆ ಕಿರುಬೆರಳು, ಉಂಗುರದ ಬೆರಳು ಜುಮ್ಮೆಂದರೆ ಹೆಚ್ಚಾಗಿ ಅದು ಅಂಗೈಯನ್ನು ಹ್ಯಾಂಡಲ್ ಮೇಲೆ ಒತ್ತಿದ್ದಕ್ಕೆ. ಗ್ಲೋವ್ಸ್ ಹಾಕಿ, ಹಿಡಿತ ಬದಲಿಸುತ್ತಾ ಇರಿ. ಹೆಬ್ಬೆರಳು, ತೋರುಬೆರಳು ಜುಮ್ಮೆಂದರೆ ಮಣಿಕಟ್ಟಿನಿಂದಲೂ ಬಂದಿರಬಹುದು. ಆದರೆ ಸಿ5-ಸಿ6 ನಡುವೆ ಹೊರಬರುವ ನರ ಹೋಗುವುದು ಅದೇ ಬೆರಳುಗಳಿಗೆ, ಹಾಗಾಗಿ ನೀವು ಡಾಕ್ಟರ್‌ಗೆ ಹೇಳಲೇಬೇಕು. ಅಂಗಿ ಗುಂಡಿ ಹಾಕೋಕೆ ಕೈ ತಡವರಿಸಿದರೆ, ನಡೆಯುವಾಗ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆ.

ಧಾರವಾಡ, ಸಾಧನಕೇರಿಯಿಂದ:
ಅಣ್ಣಾರೆ, ನನ್ನದು ಮೂರು ಕಡೆ, ಕುತ್ತಿಗೆಯ ಹಿಂಭಾಗದಿಂದ ಮಾಡಿದ ಆಪರೇಷನ್. ರಸ್ತೆ ಮೇಲೆ ಸೈಕಲ್ ಬೇಡವೇ ಬೇಡ ಅಂದಿದ್ದಾರೆ. ಎರಡು ಸಲ ಕೇಳಿ ನೋಡಿದೆ, ಅದೇ ಉತ್ತರ. ಸೈಕಲನ್ನು ಅಕ್ಕನ ಮಗನಿಗೆ ಕೊಟ್ಟೆ. ಈಗ ಕಿಟಕಿ ಹತ್ತಿರ ಜಿಮ್ ಸೈಕಲ್ ಹಾಕಿಕೊಂಡು ಜಿಟಿಜಿಟಿ ಮಳೆ ನೋಡುತ್ತಾ ತುಳಿಯುತ್ತೇನೆ. ಮೊದಲ ತಿಂಗಳು ಅಳು ಬರುತ್ತಿತ್ತು. ಅದಕ್ಕೇ ಹೇಳ್ತೀನಿ, ಇಲ್ಲಿ ಯಾರ ಲೆಕ್ಕವನ್ನೂ ಹಾಗೇ ಎತ್ತಿಕೊಳ್ಳಬೇಡಿ.

ಮತ್ತೆ ಉಣಕಲ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್ ರೀ. ಮಂಗಳವಾರ ಡಾಕ್ಟರ್ ಹತ್ತಿರ ಹೋಗುವುದಿದೆ, ಎಕ್ಸ್‌ರೇ ಕೇಳುತ್ತೇನೆ. ರಿಪೋರ್ಟ್ ನೋಡಿದ ಮೇಲೆಯೇ ಕೀಲಿಯಂತೆ. ಸಪ್ತಾಪುರದವರೇ, ಆ ಹಳೇ ಸ್ಟೆಮ್ ಸುಮ್ನೆ ಬಿದ್ದಿದೆಯಾ? 31.8 ಎಂಎಂ ಹ್ಯಾಂಡಲ್‌ಗೆ ಕೂರುವುದಾದರೆ ನಾನೇ ಬಂದು ಒಯ್ಯುತ್ತೇನೆ. ಬಸ್ಸಿನಲ್ಲಿ.