ಬಸುರಿನ 26ನೇ ವಾರಕ್ಕೆ ಶುಗರ್ 152 ಬಂದಿದೆ, ನಿಮ್ಮ ಅನುಭವ ಹೇಳಿ

ತುಮಕೂರಿನಿಂದ: ತಿಂಡಿ ತಿಂದೇ ಹೋಗಿದ್ದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ರಕ್ತ ತೆಗೆದರು. 152 ಬಂತು. ಎರಡು ವಾರ ಪಥ್ಯ ಮಾಡಿ ನೋಡೋಣ ಅಂದಿದ್ದಾರೆ ಡಾಕ್ಟರು. ಇನ್ಸುಲಿನ್ ತನಕ ಹೋಗುತ್ತಾ?

ಮೈಸೂರಿನಿಂದ: ನನಗೆ 168 ಇತ್ತು. ಪಥ್ಯ ಶುರು ಮಾಡಿದ ಮೇಲೆ ಊಟ ಆಗಿ ಎರಡು ಗಂಟೆಗೆ 120ರ ಒಳಗೇ ಬರುತ್ತಿತ್ತು. ಬೆಳಗಿನ ಖಾಲಿ ಹೊಟ್ಟೆಯದು ಮಾತ್ರ 95ಕ್ಕೆ ಇಳಿಯಲೇ ಇಲ್ಲ. 101, 104, 99. ರಾತ್ರಿ ಅನ್ನ ಬಿಟ್ಟೆ, ಮುದ್ದೆ ಅರ್ಧ ಮಾಡಿದೆ. ಕೊನೆಗೆ ರಾತ್ರಿ ಹೊತ್ತು ಇನ್ಸುಲಿನ್, 4 ಯೂನಿಟ್‌ನಿಂದ 14ಕ್ಕೆ ಹೋಯಿತು. ಖರ್ಚು ಕೇಳಿ: ಮನೆಯಲ್ಲೇ ಶುಗರ್ ನೋಡುವ 50 ಸ್ಟ್ರಿಪ್ಪಿನ ಡಬ್ಬಿಗೆ 950 ರೂಪಾಯಿ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿದರೆ ಹನ್ನೆರಡು ದಿನಕ್ಕೆ ಖಾಲಿ. ಹನ್ನೊಂದು ವಾರಕ್ಕೆ ಏಳು ಡಬ್ಬಿ, 6,650. ಒಂದು ಸಲ 211 ತೋರಿಸಿತು, ಕೈಕಾಲು ನಡುಗಿತು. ಆಮೇಲೆ ನೆನಪಾಯಿತು, ಮನೆಯವರಿಗೆ ಮಾವಿನಹಣ್ಣು ಹೆಚ್ಚಿಕೊಟ್ಟು ಕೈ ತೊಳೆದಿರಲಿಲ್ಲ. ತೊಳೆದು ಒರೆಸಿಕೊಂಡು ಚುಚ್ಚಿದರೆ 108!

ದಾವಣಗೆರೆಯಿಂದ: ನಾನು ಒಂದು ಸೂಜಿಯೂ ಇಲ್ಲದೆ ದಾಟಿದೆ. ನಾಲ್ಕು ಇಡ್ಲಿ ಎರಡಕ್ಕೆ ಇಳಿಸಿದೆ, ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಪಲ್ಯ. ಮೂರು ಹೊತ್ತೂ ಊಟ ಆದ ಮೇಲೆ ಟೆರೇಸಿನಲ್ಲಿ ಹದಿನೈದು ನಿಮಿಷ ನಡಿಗೆ. ಮನಸ್ಸು ಮಾಡಿದರೆ ಪಥ್ಯದಲ್ಲೇ ಆಗುತ್ತೆ ರೀ.

ಮೈಸೂರಿನಿಂದ: ಮನಸ್ಸು ಮಾಡಿದರೆ ಅಂದರೇನು? ನಾನು ಮಾಡಿಲ್ವಾ? ಹಸಿವು ತಡೆಯದೆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ಹೊಟ್ಟೆಗೆ ಸಾಲದೆ ಮೈಯ ಕೊಬ್ಬು ಕರಗಿದಾಗ ಬರುವ ಕೀಟೋನ್ ಮೂತ್ರದಲ್ಲಿ ಬಂತು, ಡಾಕ್ಟರು ಬೈದರು. ಮಾಸಿನಿಂದ ಬರುವ ಹಾರ್ಮೋನು ನಮ್ಮ ಇನ್ಸುಲಿನ್‌ಗೆ ಅಡ್ಡ ಬರುತ್ತೆ. ಅದಕ್ಕೆ ಯಾರ ಮನಸ್ಸೂ ಕಾರಣ ಅಲ್ಲ.

ಬೆಂಗಳೂರಿನಿಂದ: ತಿಂಡಿ ತಿಂದು ಮಾಡಿಸಿದ್ದು ಟೆಸ್ಟೇ ಅಲ್ಲ. ನಾನು ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ, ಮೂರು ಸಲ ರಕ್ತ ತೆಗೆದರು. ಖಾಲಿ ಹೊಟ್ಟೆಗೆ 92, ಗ್ಲೂಕೋಸ್ ಕುಡಿದು ಒಂದು ಗಂಟೆಗೆ 180, ಎರಡು ಗಂಟೆಗೆ 153, ಇದರಲ್ಲಿ ಒಂದು ಮುಟ್ಟಿದರೂ ಶುಗರ್ ಅಂತ. ಇನ್ನೊಮ್ಮೆ ಮಾಡಿಸಿ.

ಶಿರಸಿ ಕಡೆಯಿಂದ: ಸುಮ್ನೆ ಹೆದರಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಕ್ರಮ, ತಿಂದಿರಲಿ ಬಿಡಲಿ, ಎರಡು ಗಂಟೆಗೆ 140 ಅಥವಾ ಜಾಸ್ತಿ ಇದ್ದರೆ ಶುಗರ್ ಅಂತಲೇ ಲೆಕ್ಕ. ಎರಡು ಬಸ್ಸು ಬದಲಿಸಿ ಬರುವ ಬಸುರಿ ಖಾಲಿ ಹೊಟ್ಟೆಯಲ್ಲಿ ಹೇಗೆ ಬರಬೇಕು? ನಾನು ಕುಡಿದ ಇಪ್ಪತ್ತೇ ನಿಮಿಷಕ್ಕೆ ವಾಂತಿ ಮಾಡಿಕೊಂಡೆ. ಮಾರನೇ ದಿನ ಮತ್ತೆ ಅದೇ ಬಸ್ಸು, ಅದೇ ನೀರು.

ಬೆಂಗಳೂರಿನಿಂದ: ನಾನು ಹೆದರಿಸಿಲ್ಲ. ನಮ್ಮ ಡಾಕ್ಟರು ಹೇಳಿದ್ದು ಹೇಳಿದೆ ಅಷ್ಟೆ.

ಹಾಸನದಿಂದ: ನೀವು ಜಗಳ ಆಡಿಕೊಳ್ಳಿ. ಹೆರಿಗೆ ಆಗಿ ಆರು ವಾರಕ್ಕೆ ಮತ್ತೆ ಟೆಸ್ಟ್ ಇರುತ್ತೆ, ಅದನ್ನು ಯಾರೂ ಹೇಳಲಿಲ್ಲ. ನಾನು ಮಾಡಿಸಲಿಲ್ಲ. ಬಾಣಂತನ, ಅಂಟಿನುಂಡೆ, ತುಪ್ಪ, ಮರೆತೇಹೋಯಿತು. ಮಗುವಿಗೆ ಮೂರು ವರ್ಷ ಆದಾಗ ತಲೆಸುತ್ತು ಅಂತ ಹೋದರೆ 240. ಈಗ ದಿನಾ ಮಾತ್ರೆ.

ದಾವಣಗೆರೆಯಿಂದ: ಅಂಟಿನುಂಡೆ ನಾನೂ ತಿಂದೆ, ಏನೂ ಆಗಿಲ್ಲ.

ಹಾಸನದಿಂದ: ಆರು ವಾರದ ಟೆಸ್ಟ್ ಮಾಡಿಸಿದ್ದೀರಾ?